ವಾರಕ್ಕೊಂದು ರೆಂಬೆ

ಮರ ಹತ್ತುವುದೇನೂ ದೊಡ್ಡ ವಿದ್ಯೆಯಲ್ಲ, ಮಂಗನೂ ಹತ್ತುತ್ತದೆ. ಇಳಿಯುವ ಹೊತ್ತು ತಿಳಿದಿರಬೇಕು, ಅದು ವಿದ್ಯೆ ಎಂದು ಕೊಂಬೆರಾಯ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಇಪ್ಪತ್ತಾರು ವರ್ಷ ಮರ ಹತ್ತಿ ಇಳಿದು ಹೊಟ್ಟೆ ಹೊರೆದವನ ಮಾತು, ಅಲ್ಲಗಳೆಯುವ ಹಾಗಿರಲಿಲ್ಲ. ಆದರೆ ಈಗ ಏಳು ತಿಂಗಳಿಂದ ಅವನು ಪ್ರತಿ ಮಂಗಳವಾರ ಒಂದೇ ಮರವನ್ನು ಹತ್ತುತ್ತಿದ್ದ, ಮತ್ತು ಇಳಿಯುವ ಹೊತ್ತು ಅವನಿಗೆ ಒಂದು ಸಲವೂ ತಿಳಿದಿರಲಿಲ್ಲ.

ಕೊಂಬೆರಾಯ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಅವನಿಗೆ ತಾನು ‘ವೃಕ್ಷ ಶಸ್ತ್ರಚಿಕಿತ್ಸಕ’ ಎಂದು ಕರೆಸಿಕೊಳ್ಳುವ ಆಸೆ. ಅಕ್ಕನ ಮನೆಯ ಗೇಟಿಗೆ ಹಾಗೆಂದು ಒಂದು ಹಲಗೆ ಬರೆಸಿ ಹಾಕಿದ್ದ. ಬರೆದವನು ಆರಂಭದಲ್ಲಿ ಉದಾರವಾಗಿ ದೊಡ್ಡ ಅಕ್ಷರ ಹಾಕಿ, ಹಲಗೆ ಸಾಲದೆ ಕೊನೆಯ ಎರಡಕ್ಷರವನ್ನು ಕೆಳಗಿನ ಮೂಲೆಗೆ ಇಳಿಸಿದ್ದ. ಉದ್ಯಮದ ಒಟ್ಟು ಆಸ್ತಿ ಎಂದರೆ ಒಂದು ಏಣಿ, ಮೂರು ಗರಗಸ, ಎರಡು ಹಗ್ಗ, ಕಾಂಡ ತಟ್ಟಿ ನೋಡಲು ಒಂದು ಮರದ ಸುತ್ತಿಗೆ, ಒಂದು ಮೂರು ಚಕ್ರದ ಗಾಡಿ, ಮತ್ತು ಹಗ್ಗದ ತಾತ.

ಬೆಳಿಗ್ಗೆ ಏಳಕ್ಕೆ ಫೋನು ಶುರುವಾಗುತ್ತಿತ್ತು. ಪಕ್ಕದ ಮನೆಯ ಮರದ ಎಲೆ ನಮ್ಮ ಅಂಗಳಕ್ಕೆ ಬೀಳುತ್ತದೆ, ಅವರ ಕಡೆಗೆ ಬೀಳುವ ಹಾಗೆ ತಿರುಗಿಸಿ ಕೊಡಿ ಎಂದು ಒಬ್ಬರು. ಮರ ಕಡಿಯಬೇಕು, ಆದರೆ ನಮ್ಮತ್ತೆಗೆ ಗೊತ್ತಾಗಬಾರದು ಎಂದು ಇನ್ನೊಬ್ಬರು. ಕೊಂಬೆರಾಯ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದ: “ಮೊದಲು ಮರ ನೋಡ್ಬೇಕು. ನೋಡದೆ ಹೇಳೋಕೆ ನಾನೇನು ಜ್ಯೋತಿಷಿ ಅಲ್ಲ.” ಎಲ್ಲವನ್ನೂ ಮರೆಯುವ ಮನುಷ್ಯ. ಒಮ್ಮೆ ಕೆಲಸ ಮುಗಿಸಿ ಸೊಂಟದ ಹಗ್ಗ ಬಿಚ್ಚುವುದನ್ನು ಮರೆತು ಹಾಗೇ ಹೋಟೆಲಿಗೆ ನಡೆದುಬಿಟ್ಟಿದ್ದ. ಇನ್ನೊಂದು ತುದಿ ಹಿಡಿದಿದ್ದ ತಾತ ಮಾತಾಡದೆ ಹಿಂದೆ ಹಿಂದೆ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ.

ಹಗ್ಗ ಹಿಡಿಯುವ ಕೆಲಸವೆಂದರೆ ಸುಮ್ಮನೆ ಅಲ್ಲ. ಮೇಲಿನವನ ಸೊಂಟದಿಂದ ಹೊರಟ ಹಗ್ಗ ಎತ್ತರದ ಕವಲೊಂದರ ಮೇಲೆ ಹಾದು ಕೆಳಗಿನವನ ಕೈಗೆ ಬರುತ್ತದೆ. ಮೇಲಿನವನು ಜಾರಿದರೆ ಬಿಗಿಹಿಡಿಯಬೇಕು, ಮುಂದಕ್ಕೆ ಸರಿಯಬೇಕೆಂದರೆ ಸಡಿಲ ಬಿಡಬೇಕು. ಎಪ್ಪತ್ತರ ಹತ್ತಿರದ ತಾತನಿಗೆ ಈಗ ತಲೆಯೆತ್ತಿ ನೋಡಿದರೆ ಕುತ್ತಿಗೆ ನೋವು. ಹಾಗಾಗಿ ಅವನು ನೋಡುತ್ತಲೇ ಇರಲಿಲ್ಲ. ನೆಲ ನೋಡುತ್ತ, ಕೈಯಲ್ಲಿ ಹಗ್ಗ ಹೇಳುವುದನ್ನು ಕೇಳಿಸಿಕೊಂಡು ನಿಲ್ಲುತ್ತಿದ್ದ. ಮೇಲಿರುವವನಿಗೆ ಹಸಿವಾದರೂ ನನಗೆ ಗೊತ್ತಾಗುತ್ತದೆ ಎನ್ನುತ್ತಿದ್ದ.

ಕೊಂಬೆರಾಯನಿಗೆ ನಲವತ್ತೊಂಬತ್ತು. ಮದುವೆಯಾಗಿರಲಿಲ್ಲ. ಆಗಬಾರದೆಂಬ ಹಟವೇನೂ ಇರಲಿಲ್ಲ. ವಯಸ್ಸಿನಲ್ಲಿ ಮೂರು ಸಲ ಹೆಣ್ಣಿನ ಕಡೆಯವರು ಮನೆಗೆ ಬಂದಿದ್ದರು. ಮೂರು ಸಲವೂ ಹುಡುಗ ಮರದ ಮೇಲಿದ್ದ. ಮೂರನೆಯವರು ಮರದ ಬುಡಕ್ಕೇ ಬಂದು ಅರ್ಧ ಗಂಟೆ ಕಾದು, ಅವನ ಅಂಗಾಲು ಮಾತ್ರ ನೋಡಿಕೊಂಡು ಹೋದರು. ಆಮೇಲೆ ಯಾರೂ ಬರಲಿಲ್ಲ. ಅವನಿಗೂ ಮರಗಳಿಗೂ ಒಗ್ಗಿಹೋಯಿತು.

ಹಾಗಿರುವಾಗ ಟೈಲರಮ್ಮ ಕರೆಸಿದಳು.

ಹೊಸ ಬೀದಿಯ ಮೂಲೆ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದು ಬಟ್ಟೆ ಹೊಲಿಯುವ ಹೆಂಗಸು. ಗಂಡ ತೀರಿಕೊಂಡು ಹನ್ನೊಂದು ವರ್ಷ. ಹೊರಗಿನಿಂದ ಮೆಟ್ಟಿಲು, ಒಂದೇ ದೊಡ್ಡ ಕೋಣೆ, ಕಿಟಕಿ ಪಕ್ಕದಲ್ಲಿ ಮೆಷಿನ್ನು. ಕಿಟಕಿಯಾಚೆ ಒಂದು ಹಿಪ್ಪುನೇರಳೆ ಮರ. ಹಿಪ್ಪುನೇರಳೆಯೆಂದರೆ ರೇಷ್ಮೆ ಹುಳುವಿಗೆ ಸೊಪ್ಪು ಕೊಡುವ ಮೊಳಕಾಲೆತ್ತರದ ಗಿಡ ಎಂದುಕೊಂಡವರೇ ಹೆಚ್ಚು. ಕತ್ತರಿಸದೆ ಅದರ ಪಾಡಿಗೆ ಬಿಟ್ಟರೆ ಅದು ಮಹಡಿ ದಾಟಿ ಹೋಗುತ್ತದೆ, ಇದು ಹಾಗೆ ದಾಟಿದ್ದು. ಅದರ ಒಂದು ದಪ್ಪ ಕೊಂಬೆ ಸೀದಾ ಕಿಟಕಿಗೆ ಅಡ್ಡ ಬಂದು, ಎಲೆ ಹರಡಿ ನಿಂತಿತ್ತು.

“ಹಗಲೊತ್ತೂ ದೀಪ ಹಾಕ್ಕೋಬೇಕು ನೋಡಿ. ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ. ಇದೊಂದು ಕೊಂಬೆ ತೆಗೆದುಬಿಡಿ ಸಾಕು,” ಎಂದಳು ಟೈಲರಮ್ಮ.

ಹದಿನೈದು ನಿಮಿಷದ ಕೆಲಸ. ಕೊಂಬೆರಾಯ ಹತ್ತಿದ, ಆ ಕೊಂಬೆಯ ಮೇಲೆ ಕಾಲು ಇಳಿಬಿಟ್ಟು ಕೂತ, ಎಲ್ಲಿ ಕೊಯ್ಯಬೇಕೆಂದು ಗುರುತು ನೋಡಿದ. ಗರಗಸ ಇಟ್ಟೂ ಇಟ್ಟ. ಆಗ ಎರಡು ಮಾರು ದೂರದ ಕಿಟಕಿ ತೆರೆಯಿತು. ಟೈಲರಮ್ಮ ಕತ್ತು ಹೊರಗೆ ಹಾಕಿ, “ನಿಧಾನ. ಬಿದ್ದೀರಿ,” ಎಂದಳು.

ಇಪ್ಪತ್ತಾರು ವರ್ಷದಲ್ಲಿ ಗಿರಾಕಿಗಳು ಅವನಿಗೆ ಗೋಡೆ ನೋಡ್ಕೊಳ್ಳಿ ಎಂದಿದ್ದರು, ಹೆಂಚು ನೋಡ್ಕೊಳ್ಳಿ, ಕರೆಂಟು ವೈರು ನೋಡ್ಕೊಳ್ಳಿ, ನಮ್ಮ ಕಾರು ಇದೆ ನೋಡ್ಕೊಳ್ಳಿ ಎಂದಿದ್ದರು. ನೀವು ಬಿದ್ದೀರಿ ಎಂದು ಯಾರೂ ಅಂದಿರಲಿಲ್ಲ. ಅವನು ಬೀಳಬಹುದು ಎಂಬುದು ಅವನಿಗೇ ಹೊಳೆದಿರಲಿಲ್ಲ. ಕೆಳಗೆ ತಾತನ ಕೈಯಲ್ಲಿ ಹಗ್ಗ ಸಣ್ಣಗೆ ನಡುಗಿತು. ತಾತ ಮೊದಲ ಸಲ ಕುತ್ತಿಗೆ ನೋವು ಮರೆತು ಮೇಲೆ ನೋಡಿದ.

ಕೊಂಬೆರಾಯ ಗರಗಸವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. “ಮೇಡಂ, ಇದು ಒಂದೇ ಸಲಕ್ಕೆ ತೆಗೆಯೋ ಕೊಂಬೆ ಅಲ್ಲ,” ಎಂದ. ಅವನ ಬಾಯಿಂದ ಮಾತು ತಾನಾಗೇ ಬರುತ್ತಿತ್ತು. “ಇದು ಹಾಲು ಸುರಿಸೋ ಜಾತಿ. ದಪ್ಪ ಕೊಂಬೆ ಒಂದೇ ಏಟಿಗೆ ಕಡಿದ್ರೆ ಮರ ತಡ್ಕೊಳಲ್ಲ. ವಾರಕ್ಕೊಂದು ರೆಂಬೆ ಅಂತ ಹಗುರ ಮಾಡ್ತಾ ಹೋಗ್ಬೇಕು.”

“ಎಷ್ಟು ವಾರ?”

“ಮರ ಹೇಳ್ಬೇಕು ಮೇಡಂ.”

ಮರ ಏನೂ ಹೇಳಲಿಲ್ಲ. ಅಂದಿನಿಂದ ಮಂಗಳವಾರ ಮಂಗಳವಾರ ಕೊಂಬೆರಾಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಬೆರಳು ದಪ್ಪದ ಒಂದು ರೆಂಬೆ ಕತ್ತರಿಸಿ, ಮಿಕ್ಕ ಒಂದು ಗಂಟೆ ಅದೇ ಕೊಂಬೆಯ ಮೇಲೆ ಕೂತಿರುತ್ತಿದ್ದ. ಟೈಲರಮ್ಮ ಕಿಟಕಿಯಿಂದ ಟೀ ಲೋಟ ಚಾಚುತ್ತಿದ್ದಳು. ಅವನು ಕೊಂಬೆಯುದ್ದಕ್ಕೂ ಸರಿದು ಬಂದು ತೆಗೆದುಕೊಳ್ಳುತ್ತಿದ್ದ. ತಾತ ಎರಡು ಮಾರು ಸಡಿಲ ಬಿಡುತ್ತಿದ್ದ. ಅವಳು ಮೆಷಿನ್ನು ತುಳಿಯುತ್ತ ಮಾತಾಡುತ್ತಿದ್ದಳು, ಅರ್ಧ ಅವನ ಜೊತೆ, ಅರ್ಧ ಬಟ್ಟೆಯ ಜೊತೆ. ಕೋಣೆಯೊಳಗಿನ ಮಬ್ಬಿನಲ್ಲಿ ಅವನಿಗೆ ಅವಳ ಕೈಗಳು ಕಾಣುತ್ತಿದ್ದವು, ಮುಖ ಅರ್ಧ ಕಾಣುತ್ತಿತ್ತು. ಅಷ್ಟರಲ್ಲೇ ವಾರ ದೂಡುತ್ತಿದ್ದ. ಬುಧವಾರ ಬೆಳಿಗ್ಗೆ ಎದ್ದರೆ ಇನ್ನೂ ಆರು ದಿನ ಇದೆಯಲ್ಲಾ ಎಂದು ವಾರಕ್ಕೆ ಏಳು ದಿನ ಮಾಡಿದವನ ಮೇಲೆ ಸಿಟ್ಟು ಬರುತ್ತಿತ್ತು.

ಒಮ್ಮೆ ಅವಳು ಸೂಜಿಯಿಂದ ಕಣ್ಣೆತ್ತದೆ ಹೇಳಿದಳು: “ಈ ಮರ ಕತ್ತಲೆ ಮಾಡುತ್ತೆ ಅಂತ ಬೈತೀನಿ. ಆದ್ರೆ ಇದು ಇದ್ರೆ ಹೊರಗಡೆ ಯಾರೋ ನಿಂತಿದ್ದಾರೆ ಅನ್ನೋ ಹಾಗಿರುತ್ತೆ. ಒಬ್ಬಳೇ ಅನ್ಸಲ್ಲ.” ಕೊಂಬೆರಾಯನಿಗೆ ಟೀ ನೆತ್ತಿಗೆ ಹತ್ತಿತು. ಮರದ ಮೇಲೆ ಕೆಮ್ಮುವುದು ಅಪಾಯ. ತಾತ ಹಗ್ಗ ಬಿಗಿಹಿಡಿದ.

ಇಪ್ಪತ್ತೆಂಟು ವಾರದಲ್ಲಿ ಇಪ್ಪತ್ತೆಂಟು ರೆಂಬೆ ಹೋದವು. ಆದರೆ ಕತ್ತರಿಸಿದಷ್ಟೂ ಚಿಗುರುವುದು ಹಿಪ್ಪುನೇರಳೆಯ ಸ್ವಭಾವ. ಒಂದು ಹೋದಲ್ಲಿ ಮೂರು ಬಂದವು. ಕೋಣೆ ಮೊದಲಿಗಿಂತ ಕತ್ತಲಾಯಿತು. ಟೈಲರಮ್ಮ ಕನ್ನಡಕ ಹಾಕಿಕೊಂಡಳು. ಇದು ಕೊಂಬೆರಾಯನಿಗೆ ಕಾಣಲಿಲ್ಲವೆಂದಲ್ಲ. ಕಂಡಿತು, ನೋವೂ ಆಯಿತು. ಮುಂದಿನ ಮಂಗಳವಾರ ಖಂಡಿತ ತೆಗೆದುಬಿಡುತ್ತೇನೆ ಎಂದು ಪ್ರತಿ ಸೋಮವಾರ ನಿಶ್ಚಯಿಸುತ್ತಿದ್ದ. ಆ ಕೊಂಬೆ ಹೋದರೆ ಕೂರುವುದೆಲ್ಲಿ ಎಂದು ಪ್ರತಿ ಮಂಗಳವಾರ ನೆನಪಾಗುತ್ತಿತ್ತು. ಕೂತ ಕೊಂಬೆಯನ್ನೇ ಕಡಿಯುವ ಮೂರ್ಖನ ಕಥೆಯನ್ನು ಎಲ್ಲರೂ ಕೇಳಿರುತ್ತಾರೆ. ಕಡಿಯಲಾರದ ಮೂರ್ಖನ ಕಥೆಯನ್ನು ಯಾರೂ ಬರೆದಿಟ್ಟಿಲ್ಲ.

ಬೀದಿಗೆ ಕಣ್ಣಿರುತ್ತದೆ. ಈ ಬೀದಿಯ ಕಣ್ಣು ಎದುರುಮನೆಯ ನಿವೃತ್ತ ಹೆಡ್ಮಾಸ್ತರು. ಅವರಿಗೆ ಕಿವಿ ಸ್ವಲ್ಪ ಮಂದ, ಆ ಕೊರತೆಯನ್ನೂ ಕಣ್ಣಿನಲ್ಲೇ ತುಂಬಿಕೊಳ್ಳುತ್ತಿದ್ದರು. ಒಂದು ಮಂಗಳವಾರ ಅವರು ಕೈಯಲ್ಲಿ ತಮ್ಮ ಹೊಸ ಕಪ್ಪು ಪ್ಯಾಂಟು ಹಿಡಿದುಕೊಂಡು ಮರದ ಬುಡಕ್ಕೆ ಬಂದರು. ಟೈಲರಮ್ಮ ಅದಕ್ಕೆ ನೀಲಿ ದಾರದಲ್ಲಿ ಹೊಲಿಗೆ ಹಾಕಿದ್ದಳು.

“ಕತ್ತಲಲ್ಲಿ ಕಪ್ಪು ಯಾವುದು ನೀಲಿ ಯಾವುದು ಅಂತ ಆಯಮ್ಮಂಗೆ ಕಾಣ್ತಿಲ್ಲ ಕಣ್ರೀ,” ಎಂದು ಮೇಲೆ ನೋಡಿದರು. “ಏಳು ತಿಂಗಳಾಯ್ತು ನೀವು ಹತ್ತೋದು ಇಳಿಯೋದು. ನನ್ನ ಹತ್ರ ತಾರೀಕು ಬರೆದ ಪುಸ್ತಕ ಇದೆ. ಈ ಮರಕ್ಕೆ ಆಗಿರೋದಾದ್ರೂ ಏನು?”

ಅವನು ಏನಾದರೊಂದು ಹೇಳಿ ಸಾಗಹಾಕಬಹುದಿತ್ತು. ಆದರೆ ಕಿಟಕಿಯಲ್ಲಿ ಮೆಷಿನ್ನಿನ ಸದ್ದು ನಿಂತಿತ್ತು, ಟೈಲರಮ್ಮನೂ ಉತ್ತರಕ್ಕೆ ಕಾಯುತ್ತಿದ್ದಳು. ಕೊಂಬೆರಾಯನ ಕೈ ತಾನಾಗಿ ಸುತ್ತಿಗೆಗೆ ಹೋಯಿತು. ಕಾಂಡವನ್ನು ಎರಡು ಸಲ ತಟ್ಟಿ, ಕಿವಿ ಇಟ್ಟು, ಕಣ್ಣು ಮುಚ್ಚಿ, “ಒಳಗಾಳಿ,” ಎಂದ.

“ಏನು?”

“ಒಳಗಾಳಿ ಸಾರ್. ಕಾಂಡದೊಳಗೆ ಗಾಳಿ ಸೇರ್ಕೊಂಡಿದೆ. ಹೊರಗಿಂದ ಮರ ಗಟ್ಟಿಯಾಗಿರುತ್ತೆ. ಒಳಗೊಳಗೇ ಸೊರಗ್ತಾ ಇರುತ್ತೆ. ಒಂದೇ ಸಲಕ್ಕೆ ಕೈ ಹಾಕೋ ಹಾಗಿಲ್ಲ, ವಾರ ವಾರ ನೋಡ್ತಿರಬೇಕು.”

ಅಂಥದ್ದೊಂದು ರೋಗ ಅವನು ಬಾಯಿ ತೆರೆಯುವ ಮುಂಚೆ ಭೂಮಿಯ ಮೇಲೆ ಇರಲಿಲ್ಲ. ಹೆಡ್ಮಾಸ್ತರು ಪುಸ್ತಕ ತೆಗೆದು ಬರೆದುಕೊಂಡರು. “ಇದು ಹರಡುತ್ತೋ?”

ಇಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹರಡದ ರೋಗಕ್ಕೆ ಏನು ಮರ್ಯಾದೆ. “ಬೇರಿಂದ ಬೇರಿಗೆ... ಹೇಳೋಕಾಗಲ್ಲ ಸಾರ್,” ಎಂದ ಕೊಂಬೆರಾಯ.

ಮರುದಿನ ಬೆಳಿಗ್ಗೆ ಬೀದಿಯಲ್ಲಿ ಎಲ್ಲಿ ನೋಡಿದರೂ ಜನ ತಮ್ಮ ತಮ್ಮ ಮರಕ್ಕೆ ಕಿವಿ ಇಟ್ಟು ನಿಂತಿದ್ದರು. ಕೋಲಿನಲ್ಲಿ ತಟ್ಟುವವರು, ಸೌಟಿನಲ್ಲಿ ತಟ್ಟುವವರು, ಪಕ್ಕದ ಮನೆಯವರ ಮರ ತಟ್ಟಿ ಬಂದು ನಿಮಗಿಂತ ನಮ್ಮದು ವಾಸಿ ಎನ್ನುವವರು. ಹಾಲಿನವನು ಮರದ ಕೆಳಗೆ ಸೈಕಲ್ಲು ನಿಲ್ಲಿಸುವುದನ್ನು ಬಿಟ್ಟ. ಇಸ್ತ್ರಿಯವನು ತನ್ನ ತಳ್ಳುಗಾಡಿಯನ್ನು ನೆರಳಿನಿಂದ ಬಿಸಿಲಿಗೆ ಎಳೆದುಕೊಂಡು ಬೆವರುತ್ತ ನಿಂತ. ಕೊಂಬೆರಾಯನ ಫೋನು ನಿಮಿಷಕ್ಕೊಮ್ಮೆ ಕೂಗುತ್ತಿತ್ತು. ಜನ ಅದೇ ಮೊದಲ ಸಲ ಅವನನ್ನು ಡಾಕ್ಟರೇ ಎನ್ನುತ್ತಿದ್ದರು. ಆ ಮಾತಿಗಾಗಿ ಇಪ್ಪತ್ತಾರು ವರ್ಷ ಬಾಯಿಬಿಟ್ಟಿದ್ದವನು ಈಗ ಅದು ಕೇಳಿದ ಕೂಡಲೇ ರಾಂಗ್ ನಂಬರ್ ಎಂದು ಫೋನು ಇಡುತ್ತಿದ್ದ.

ಮನೆಯಲ್ಲಿ ಅಕ್ಕ ತಟ್ಟೆಯ ಮುಂದೆ ಕೂತು ವಿಚಾರಣೆ ಮಾಡಿದಳು. “ಲೋ, ನಮ್ಮನೆ ಹಿಂದಿನ ಮರಕ್ಕೂ ಒಳಗಾಳಿ ಇದೆಯಾ?”

“ಇಲ್ಲ ಬಿಡಕ್ಕ.”

“ತಟ್ಟದೆ ಹೇಗೆ ಹೇಳ್ತೀಯ? ಇರಲಿ. ಮಂಗಳವಾರ ಮಾತ್ರ ಇಸ್ತ್ರಿ ಅಂಗಿ ಯಾಕೋ ನಿಂಗೆ? ಇಸ್ತ್ರಿ ಮಾಡಿದ ಅಂಗಿಗೆ ಒಂದು ಗುಂಡಿ ಇಲ್ಲ. ಮರ ಅಪ್ಪಿಕೊಂಡು ಅಪ್ಪಿಕೊಂಡು ಎಲ್ಲಾ ಕಿತ್ತೋಗಿದೆ. ಪಿನ್ನು ಚುಚ್ಕೊಂಡು ಹೋಗ್ತೀಯ. ನಂಗಂತೂ ಸೂಜಿ ಕಣ್ಣು ಕಾಣಲ್ಲ. ಆ ಮೂಲೆ ಮನೇಲಿ ಒಬ್ಬಳು ಹೊಲಿಯೋಳು ಇದ್ದಾಳಂತಲ್ಲ, ಅವಳಿಗೆ ಕೊಡಬಾರದಾ?”

ಕೊಂಬೆರಾಯ ಇನ್ನೊಂದು ಸೌಟು ಸಾರು ಬಡಿಸಿಕೊಂಡ. ಏಳು ತಿಂಗಳು ಅವಳ ಕಿಟಕಿಯೆದುರು ಕೂತು ಟೀ ಕುಡಿದವನಿಗೆ, ಒಂದು ಗುಂಡಿ ಹಾಕಿಕೊಡಿ ಎನ್ನುವ ಧೈರ್ಯ ಮಾತ್ರ ಬಂದಿರಲಿಲ್ಲ. ಮರಕ್ಕೆ ರೋಗವಿದೆ ಎಂದು ಲೋಕಕ್ಕೆಲ್ಲ ಹೇಳುವುದು ಅದಕ್ಕಿಂತ ಸುಲಭವಾಗಿ ಕಂಡಿತ್ತು.

ಹೆಡ್ಮಾಸ್ತರು ಸುಮ್ಮನಿರುವವರಲ್ಲ. ಬೀದಿಯವರ ಸಹಿ ಹಾಕಿಸಿ ನಗರಸಭೆಗೆ ಅರ್ಜಿ ಕೊಟ್ಟರು. ಗುರುವಾರ ಮರ ವಿಭಾಗದ ಇನ್ಸ್‌ಪೆಕ್ಟರು ಬಂದರು. ಮೆತ್ತಗಿನ ಮನುಷ್ಯ, ಕೊಡೆ ಬಿಚ್ಚಿಕೊಂಡೇ ಮರ ನೋಡುವ ಅಭ್ಯಾಸ. ಅವರ ಫಾರಂನಲ್ಲಿ ಮರಕ್ಕೆ ಬರಬಹುದಾದ ಹನ್ನೊಂದು ರೋಗ ಅಚ್ಚಾಗಿದ್ದವು. ಮೂರು ಸಲ ಓದಿದರು. ಒಳಗಾಳಿ ಇರಲಿಲ್ಲ.

“ಇಲ್ಲಿ ಇಲ್ವಲ್ಲ. ಹಾಗಾದ್ರೆ ‘ಇತರೆ’ ಅಂತ ಹಾಕ್ತೀನಿ,” ಎಂದು ಕೊನೆಯ ಚೌಕಕ್ಕೆ ಗುರುತು ಹಾಕಿ, ಹಿಂದಿನ ಪುಟ ತಿರುಗಿಸಿ, ಮುಖ ಸಣ್ಣಗೆ ಮಾಡಿಕೊಂಡರು. “ಹನ್ನೊಂದಕ್ಕೂ ಚಿಕಿತ್ಸೆ ಇದೆ. ಇತರೆಗೆ ಮಾತ್ರ ಬುಡಸಮೇತ ತೆರವು ಅಂತಿದೆ.” ಡಬ್ಬಿಯಿಂದ ಕೆಂಪು ಬಣ್ಣ ತೆಗೆದು ಕಾಂಡದ ಮೇಲೆ ದೊಡ್ಡ ಇಂಟು ಗುರುತು ಬರೆದು, ಪಕ್ಕದಲ್ಲಿ ನಿಂತಿದ್ದ ಕೊಂಬೆರಾಯನ ಕಡೆ ತಿರುಗಿದರು. “ಈ ವಾರ್ಡಿನಲ್ಲಿ ಪರವಾನಗಿ ಇರೋರು ನೀವೊಬ್ರೇ ಅಲ್ವಾ? ಸೋಮವಾರ ಹತ್ತು ಗಂಟೆಗೆ ಕಡೀರಿ.”

ಕೊಂಬೆರಾಯ ಶುಕ್ರವಾರ ಅವರ ಆಫೀಸಿಗೆ ಹೋಗಿ ಎರಡು ಗಂಟೆ ಬೆಂಚಿನ ಮೇಲೆ ಕೂತ. “ಸಾರ್, ಮರಕ್ಕೆ ಗುಣ ಆಯ್ತು,” ಎಂದ.

“ಒಂದೇ ದಿನಕ್ಕೆ?”

“ಗಾಳಿ ಅಲ್ವಾ ಸಾರ್. ಬಂದ ಹಾಗೇ ಹೋಯ್ತು.”

ಇನ್ಸ್‌ಪೆಕ್ಟರು ಮರುಕದಿಂದ ನೋಡಿದರು. “ನೋಡಿ ಇವರೇ, ರೋಗ ಬಂತು ಅನ್ನೋಕೆ ಫಾರಂ ಇದೆ. ಗುಣ ಆಯ್ತು ಅನ್ನೋಕೆ ಇನ್ನೂ ಅಚ್ಚಾಗಿಲ್ಲ.”

ಅಲ್ಲಿಂದ ಅವನು ತಾತನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಸೀದಾ ಮೂಲೆ ಮನೆಗೆ ಬಂದ. ಮಂಗಳವಾರವಲ್ಲದ ದಿನ ಬಂದದ್ದು ಅದೇ ಮೊದಲು. ಟೈಲರಮ್ಮ ಕೆಳಗಿಳಿದು ಬಂದು ಕೆಂಪು ಗುರುತಿನ ಮುಂದೆ ನಿಂತಿದ್ದಳು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಅವಳ ಬೆರಳ ತುದಿಗೆ ಹತ್ತಿತ್ತು.

“ಮರದೋರೇ, ನಿಜವಾಗ್ಲೂ ಅಷ್ಟು ಕೆಟ್ಟಿದೆಯಾ ಇದು?” ಎಂದಳು. “ನಾನು ಕೇಳಿದ್ದು ಒಂದೇ ಕೊಂಬೆ. ನಾನು ಕೇಳದೇ ಇದ್ದಿದ್ರೆ ಯಾರ ಕಣ್ಣಿಗೂ ಬೀಳ್ತಿರ್ಲಿಲ್ಲವೇನೋ.”

ತಪ್ಪೆಲ್ಲ ತನ್ನದೆಂದು ಅವಳು ಹೊತ್ತುಕೊಳ್ಳುತ್ತಿದ್ದಳು. ಹೇಳಿಬಿಡು ಹೇಳಿಬಿಡು ಎಂದು ಅವನ ಎದೆ ಬಡಿದುಕೊಂಡಿತು. ಹೇಳಿದರೆ ಮರ ಉಳಿಯುತ್ತದೆ, ಮಂಗಳವಾರ ಹೋಗುತ್ತದೆ. ಹೇಳದಿದ್ದರೆ ಎರಡೂ ಹೋಗುತ್ತವೆ. ಇಷ್ಟು ಸರಳ ಲೆಕ್ಕ ಹಾಕಲಾರದೆ ಅವನು, “ನೋಡೋಣ ಮೇಡಂ,” ಎಂದು ಹೇಳಿ ಗಾಡಿ ಹತ್ತಿದ. ಮೂರು ಕ್ರಾಸು ದಾಟಿದ ಮೇಲೆ ತಾತನನ್ನು ಅಲ್ಲೇ ಬಿಟ್ಟು ಬಂದದ್ದು ನೆನಪಾಯಿತು.

ಸೋಮವಾರ ಹತ್ತಕ್ಕೆ ಬೀದಿಗೆ ಬೀದಿಯೇ ಸೇರಿತ್ತು. ಇನ್ಸ್‌ಪೆಕ್ಟರು ಕೊಡೆ, ಹೆಡ್ಮಾಸ್ತರು ಪುಸ್ತಕ, ಇಸ್ತ್ರಿಯವನು ಪೆಟ್ಟಿಗೆ, ಅಕ್ಕ ಒಂದು ಮಡಚುವ ಕುರ್ಚಿ. ಒಳಗಾಳಿ ಹೊರಗೆ ಬಂದಾಗ ಮೂಗಿಗೆ ಹೋಗದಿರಲೆಂದು ಕೆಲವರು ಕರ್ಚೀಫು ಕಟ್ಟಿಕೊಂಡಿದ್ದರು. ಮರವನ್ನು ಬುಡದಿಂದ ಕಡಿದರೆ ಮನೆಯ ಮೇಲೆ ಬೀಳುತ್ತದೆ. ತುದಿಯಿಂದ ಒಂದೊಂದೇ ಕೊಂಬೆ ಇಳಿಸುತ್ತ ಬರಬೇಕು. ಕೊಂಬೆರಾಯ ಹತ್ತಿದ. ಕಿಟಕಿಯ ಪಕ್ಕ ಹಾದು ಹೋಗುವಾಗ ಒಳಗೆ ನೋಡಲಿಲ್ಲ. ಅದೇ ಕೊಂಬೆಯ ಮೇಲೆ ಒಂದು ಕಾಲಿಟ್ಟು, ತುದಿಯ ಕಡೆಗೆ ಕೈ ಚಾಚಿದ. ಕಿಟಕಿ ತೆರೆಯಿತು.

“ನಿಧಾನ,” ಎಂದಳು ಟೈಲರಮ್ಮ. ಅತ್ತು ಕೆಂಪಾದ ಕಣ್ಣು. “ಬಿದ್ದೀರಿ.”

ಕೊಂಬೆರಾಯ ಅಲ್ಲೇ ಕೂತುಬಿಟ್ಟ. ಗರಗಸ ತೊಡೆಯ ಮೇಲಿಟ್ಟುಕೊಂಡು, ಕಿಟಕಿಗೆ ಬೆನ್ನು ಮಾಡಿ, ಕೆಳಗಿನ ತಾತನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ: “ತಾತ, ರೋಗ ಇಲ್ಲ ಅಂತ ಹೇಳು.”

ಬೆನ್ನ ಹಿಂದೆ ಎರಡೇ ಮಾರು ದೂರದಲ್ಲಿ ಅವಳಿದ್ದಾಳೆ, ತಾತನಿಗೆ ಕೇಳುವ ಮುಂಚೆ ಅವಳಿಗೆ ಕೇಳುತ್ತದೆ ಎಂಬುದು ಅವನ ತಲೆಗೆ ಹೋಗಲಿಲ್ಲ.

“ಏನಂತೆ?” ಎಂದರು ಹೆಡ್ಮಾಸ್ತರು, ಕಿವಿಗೆ ಕೈ ಇಟ್ಟು.

“ರೋಗ ಇಲ್ವಂತೆ,” ಎಂದ ತಾತ ಗಟ್ಟಿಯಾಗಿ, ನೆಲ ನೋಡುತ್ತ.

“ಮತ್ತೆ ಏಳು ತಿಂಗಳು ಏನು ಮಾಡ್ತಿದ್ರಂತೆ?” ಎಂದರು ಇನ್ಸ್‌ಪೆಕ್ಟರು.

“ಏನ್ ಮಾಡ್ತಿದ್ದೆ ಅಂತ ಕೇಳ್ತಿದಾರೆ,” ಎಂದು ತಾತ ಮೇಲಕ್ಕೆ ಕಳಿಸಿದ.

“ಟೀ ಕುಡೀತಿದ್ದೆ ಅಂತ ಹೇಳು.”

“ಟೀ ಕುಡೀತಿದ್ರಂತೆ.”

“ಏಳು ತಿಂಗಳು?” ಹೆಡ್ಮಾಸ್ತರು ಪುಸ್ತಕ ಬಿಡಿಸಿದರು. “ಟೀ ಅಂಗಡೀಲಿ ಸಿಗಲ್ವಂತಾ?”

“ಅಂಗಡೀಲಿ ಸಿಗಲ್ವಾ ಅಂತ.”

“ಅಂಗಡೀಲಿ,” ಎಂದ ಕೊಂಬೆರಾಯ. “ಅಂಗಡೀಲಿ ಯಾರೂ ಬಿದ್ದೀರಿ ಅನ್ನಲ್ಲ ತಾತ.”

ತಾತ ಇದನ್ನು ಕೆಳಗೆ ದಾಟಿಸಲಿಲ್ಲ. ಹಗ್ಗವನ್ನು ಒಂದು ಸುತ್ತು ಕೈಗೆ ಸುತ್ತಿಕೊಂಡು, ಇಪ್ಪತ್ತಾರು ವರ್ಷದಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಒಂದೇ ಉಸಿರಿಗೆ ಆಡಿದ. “ನೋಡಿ ಸ್ವಾಮಿ, ನನಗೆ ಮೇಲೆ ನೋಡೋಕೆ ಆಗಲ್ಲ. ಹಗ್ಗ ಏನು ಹೇಳುತ್ತೋ ಅಷ್ಟೇ ಗೊತ್ತು. ಒಂದು ಸಲ ಇವನು ಮೇಲಿದ್ದಾಗ ಪಕ್ಕದ ಮರಕ್ಕೆ ಸಿಡಿಲು ಹೊಡೀತು. ಹಗ್ಗ ನಡುಗಲಿಲ್ಲ. ಆ ಕಿಟಕಿ ತೆಗೆದಾಗೆಲ್ಲ ನಡುಗುತ್ತೆ. ಈಗಲೂ ನಡುಗ್ತಿದೆ, ಬೇಕಾದ್ರೆ ಹಿಡ್ಕೊಂಡು ನೋಡಿ. ರೋಗ ಅಂದ್ರೆ ಇದೊಂದೇ.”

ಹೆಡ್ಮಾಸ್ತರಿಗೆ ಈ ಸಲ ಮೊದಲಿಗೇ ಕೇಳಿಸಿತು. ಅವರು ಹಗ್ಗ ಮುಟ್ಟಿ ನೋಡಿದರು. ಆಮೇಲೆ ಪುಸ್ತಕ ಮುಚ್ಚಿ ಜೇಬಿಗಿಟ್ಟರು. ಅಕ್ಕ ಕುರ್ಚಿಯಲ್ಲಿ ಸೆರಗು ಬಾಯಿಗಿಟ್ಟುಕೊಂಡು, “ಇಸ್ತ್ರಿ ಅಂಗಿ,” ಎಂದಳು. ಕರ್ಚೀಫು ಕಟ್ಟಿಕೊಂಡವರು ಒಬ್ಬೊಬ್ಬರಾಗಿ ಬಿಚ್ಚಿಕೊಂಡರು.

ಇನ್ಸ್‌ಪೆಕ್ಟರು ಮಾತ್ರ ಫಾರಂ ಹುಡುಕುತ್ತಿದ್ದರು. “ಇರಿ, ಇಲ್ಲೊಂದು ಕಲಂ ಇದೆ. ರೋಗ ಇರುವ ಜಾಗ: ಬೇರು, ಕಾಂಡ, ಎಲೆ, ಇತರೆ. ಮೊದಲ ಮೂರರಲ್ಲಿ ಇಲ್ಲ ಅಂದ್ರೆ ತೆರವು ಅನ್ವಯಿಸೋದಿಲ್ಲ.” ಪೆನ್ನು ತೆಗೆದು, ಇತರೆ ಎಂಬುದರ ಮುಂದೆ ‘ಮರದ ಮೇಲೆ ಕೂತವರಲ್ಲಿ’ ಎಂದು ದುಂಡಗೆ ಬರೆದು, ಸಹಿ ಹಾಕಿ, ಕೊಡೆ ಮಡಚಿದರು. ಅವರು ಕೊಡೆ ಮಡಚಿದ್ದನ್ನು ಆ ಬೀದಿ ಹಿಂದೆಂದೂ ನೋಡಿರಲಿಲ್ಲ.

ಮರ ಉಳಿಯಿತು. ಕೊಂಬೆರಾಯ ಈಗ ತಿರುಗಲೇಬೇಕಿತ್ತು. ತಿರುಗಿದ. ಕಿಟಕಿ ಮುಚ್ಚಿತ್ತು.

ಮುಚ್ಚಿದ ಕಿಟಕಿಯ ಮುಂದೆ ಅವನು ಎಷ್ಟು ಹೊತ್ತು ಕೂತಿದ್ದನೋ, ಜನ ಕರಗತೊಡಗಿದರು. ಆಗ ಕಿಟಕಿ ಒಂದು ಗೇಣು ತೆರೆಯಿತು. ಮುಖ ಕಾಣಲಿಲ್ಲ, ಧ್ವನಿ ಮಾತ್ರ ಬಂತು. “ಮರದೋರೇ. ಆ ಕೊಂಬೆ ಈಗ ತೆಗೀರಿ.”

ಅವನು ಕಾಂಡದ ಕಡೆಗೆ ಸರಿದು, ಇನ್ನೊಂದು ಹಗ್ಗದಿಂದ ಕೊಂಬೆಯನ್ನು ಕಟ್ಟಿ, ತುದಿಯನ್ನು ಕೆಳಗೆ ಎಸೆದ; ಇಸ್ತ್ರಿಯವನೂ ಹೆಡ್ಮಾಸ್ತರೂ ಹಿಡಿದು ನಿಂತರು. ಏಳು ತಿಂಗಳು ಕೂತು ಕೂತು ಕೊಂಬೆಯ ತೊಗಟೆ ಒಂದು ಕಡೆ ನುಣುಪಾಗಿತ್ತು. ಅದನ್ನು ಅವನು ಒಂದು ಸಲ ಸವರಿದ. ಗರಗಸ ಓಡಿತು, ಬಿಳಿ ಹಾಲು ಜಿನುಗಿತು, ಕೊಂಬೆ ತೂಗಾಡುತ್ತ ಕೆಳಗಿಳಿಯಿತು. ಹದಿನೈದು ನಿಮಿಷವೂ ಹಿಡಿಯಲಿಲ್ಲ.

ಕೋಣೆಯೊಳಗೆ ಬಿಸಿಲು ಬಿತ್ತು. ಮೆಷಿನ್ನಿನ ಚಕ್ರ ಹೊಳೆಯಿತು. ಗೋಡೆಯ ಮೊಳೆಗೆ ನೇತುಹಾಕಿದ ಕಾಗದದ ಅಳತೆಗಳು, ಗುಂಡಿಗಳ ತಗಡಿನ ಡಬ್ಬಿ, ಒಂದೇ ಬಣ್ಣವೆಂದು ಅವನು ತಿಳಿದಿದ್ದ ನಲವತ್ತು ಬಣ್ಣದ ದಾರದ ಉಂಡೆಗಳು ಎಲ್ಲ ಕಂಡವು. ಟೈಲರಮ್ಮನ ಮುಂದಲೆಯಲ್ಲಿ ಬೆಳ್ಳಗಾದ ಕೂದಲು ಕಂಡಿತು. ಏಳು ತಿಂಗಳು ಹಂಬಲಿಸಿದ ಮುಖವನ್ನು ಅವನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು, ಮತ್ತು ಅದೇ ಕೊನೆಯೆಂದು ತಿಳಿದು ಮರ ಇಳಿದ.

ಇಳಿದವನು ನೇರವಾಗಿ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತ. ಆ ಬಾಗಿಲಿನಿಂದ ಅವನು ಯಾವತ್ತೂ ಬಂದಿರಲಿಲ್ಲ.

“ತಪ್ಪಾಯ್ತು ಮೇಡಂ. ಇನ್ನು ಈ ಕಡೆ ಬರಲ್ಲ.”

ಅವಳು ಹೆಡ್ಮಾಸ್ತರ ಪ್ಯಾಂಟನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. “ನೀಲಿ,” ಎಂದಳು. ಇನ್ನೊಂದು ಬಟ್ಟೆ ತೆಗೆದಳು. “ಇದೂ ನೀಲಿ. ಏಳು ತಿಂಗಳು ಕಪ್ಪು ಅಂದ್ಕೊಂಡು ನೀಲಿ ಹಾಕಿದೀನಿ. ಈ ಕನ್ನಡಕವೂ ನಿಮ್ಮಿಂದಲೇ ಬಂದಿದ್ದು.”

“ಹೊಲಿಗೆ ಬಿಚ್ಚೋಕೆ ನಾನು ಕೂರ್ತೀನಿ ಮೇಡಂ. ಎಲ್ಲಾ ಬಿಚ್ಚಿಕೊಡ್ತೀನಿ. ಆಮೇಲೆ ಬರಲ್ಲ.”

ಅವಳು ತಲೆಯೆತ್ತಿದಳು. ಬಾಗಿಲಿನ ಬೆಳಕಿನಲ್ಲಿ ಅವನನ್ನು ಮೇಲಿಂದ ಕೆಳಗೆ ನೋಡಿ,

“ಇದೇನು ಅಂಗಿಗೆ ಪಿನ್ನು?” ಎಂದಳು.

“ಮರ ಅಪ್ಪಿಕೊಂಡು ಹತ್ತಬೇಕಲ್ಲ. ಗುಂಡಿ ನಿಲ್ಲಲ್ಲ.”

“ಎಷ್ಟು ದಿನದಿಂದ ಹೀಗೆ?”

“ಮೊದಲಿನಿಂದ್ಲೂ.”

“ಕತ್ತಲಲ್ಲಿ ನಂಗೆ ಕಾಣ್ಲೇ ಇಲ್ಲ.” ಅವಳು ತಗಡಿನ ಡಬ್ಬಿ ತೆಗೆದು, ಬೆರಳಾಡಿಸಿ, ಒಂದು ಗುಂಡಿ ಆರಿಸಿದಳು. ಅವನ ಅಂಗಿಯ ಪಕ್ಕ ಹಿಡಿದು ಬಣ್ಣ ಹೊಂದುತ್ತದೆಯೇ ಎಂದು ನೋಡಿದಳು. ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದಳು. “ನಾಲ್ಕು ಹೋಗಿದೆ. ನಾಲ್ಕೂ ಇವತ್ತೇ ಹಾಕಿದ್ರೆ ಬಟ್ಟೆ ತಡ್ಕೊಳಲ್ಲ.”

ಕೊಂಬೆರಾಯನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅವನದು ನಿಧಾನದ ತಲೆ.

“ವಾರಕ್ಕೊಂದು ಹಾಕ್ಬೇಕಾಗುತ್ತೆ,” ಎಂದಳು ಅವಳು, ದಾರಕ್ಕೆ ಗಂಟು ಹಾಕುತ್ತ.

“ನಾಲ್ಕು ವಾರ,” ಎಂದ ಅವನು. ಅವನ ಧ್ವನಿ ಸಣ್ಣಗಿತ್ತು. “ಆಮೇಲೆ?”

“ಆಮೇಲೆ ಏನು? ನೀವು ಮರ ಹತ್ತೋದು ಬಿಡ್ತೀರಾ? ಮತ್ತೆ ಕಿತ್ತೋಗುತ್ತೆ.”

ಕೆಳಗೆ ಬೀದಿ ಖಾಲಿಯಾಗಿತ್ತು. ಮರದ ಬುಡದಲ್ಲಿ ತಾತ ಹಗ್ಗ ಹಿಡಿದುಕೊಂಡು ನಿಂತೇ ಇದ್ದ. ಹಗ್ಗ ಅವನ ಕೈಯಿಂದ ಮೇಲೆ ಹೋಗಿ, ಕವಲು ದಾಟಿ, ಮೆಟ್ಟಿಲಿನ ಕಂಬಿಯ ಮೇಲೆ ಬಿದ್ದು, ತೆರೆದ ಬಾಗಿಲಿನೊಳಗೆ ಹೋಗಿತ್ತು.

ಪ್ಯಾಂಟು ಕೇಳಲು ಬಂದ ಹೆಡ್ಮಾಸ್ತರು ಮರದ ಮೇಲೆ ನೋಡಿ, ತಾತನನ್ನು ನೋಡಿದರು. “ಮೇಲೆ ಯಾರೂ ಇಲ್ವಲ್ಲಪ್ಪ. ಇನ್ನೂ ಯಾಕೆ ಹಿಡ್ಕೊಂಡಿದೀಯ?”

“ಇನ್ನೂ ಇಳಿದಿಲ್ಲ ಸ್ವಾಮಿ,” ಎಂದ ತಾತ, ಮತ್ತು ಎರಡು ಮಾರು ಸಡಿಲ ಬಿಟ್ಟ.